ಮರಗಟ್ಟಿದ ಬಲಗಾಲು

ಮೈಮೇಲೆ ದೇವರು ಬಂತು, ಸತ್ತ ಅಜ್ಜಿ ಕನಸಿನಲ್ಲಿ ಬಂದು ಹೇಳಿದಳು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿಯುತ್ತದೆ. ಲಗ್ಗೆರೆಯ ನಮ್ಮ ಬೀದಿಯಲ್ಲಿ ಅಂಥವರಿಗೇನೂ ಬರವಿಲ್ಲ. ‘ಹೋಗ್ರೀ, ಕೆಲಸ ನೋಡ್ಕೊಳ್ಳಿ’ ಎಂದು ನನ್ನಿಂದ ಮುಖದ ಮೇಲೆ ಹೊಡೆದ ಹಾಗೆ ಅನ್ನಿಸಿಕೊಂಡವರೂ ಇದ್ದಾರೆ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಅದನ್ನು ನೆನೆದರೆ ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ.

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪ್ಯಾಂಟಿಗೆ ಜೇಬು ಹೊಲಿಯುವುದು ನನ್ನ ಕೆಲಸ. ನಮ್ಮ ಮೆಷಿನ್ನಿನಲ್ಲಿ ಮೇಜಿನ ಕೆಳಗೆ, ಬಲ ಮೊಣಕಾಲಿಗೆ ತಾಗುವಂತೆ ಒಂದು ತಟ್ಟೆ ಇರುತ್ತದೆ. ಅದನ್ನು ಮೊಣಕಾಲಿನಿಂದ ಬಲಕ್ಕೆ ತಳ್ಳಿದರೆ ಬಟ್ಟೆಯನ್ನು ಒತ್ತಿ ಹಿಡಿದಿರುವ ಫುಟ್ ಮೇಲೇಳುತ್ತದೆ, ಆಗ ಬಟ್ಟೆ ತಿರುಗಿಸಿಕೊಳ್ಳಬಹುದು. ದಿನವಿಡೀ ಇದೇ ಕೆಲಸ, ತಳ್ಳು, ತಿರುಗಿಸು, ಹೊಲಿ.

ಒಮ್ಮೆ ಇಸ್ತ್ರಿ ಮಾಡುವ ಕಡೆಯಿಂದ ನೀರು ಸೋರಿ ನೆಲದಲ್ಲಿ ನಿಂತಿತ್ತು. ಒರೆಸಿ, ಒರೆಸಿ ಎಂದು ಬೆಳಿಗ್ಗೆಯಿಂದ ಬಾಯಿ ಬಡಿದುಕೊಂಡಿದ್ದೆವು. ಬಟ್ಟೆಯ ಬಂಡಲ್ ಹೊತ್ತು ಬರುತ್ತಿದ್ದವಳು ಜಾರಿ, ಬಲಮಂಡಿ ನೆಲಕ್ಕೆ ಬಡಿಯುವಂತೆ ಬಿದ್ದೆ. ಸೂಪರ್‌ವೈಸರ್ ಓಡಿ ಬಂದು ಮೊದಲು ನೋಡಿದ್ದು ಬಂಡಲ್ ನೆನೆಯಿತೇ ಎಂದು. ‘ಏಳಮ್ಮ, ಟಾರ್ಗೆಟ್ ಇದೆ’ ಎಂದ. ಅವನ ಬಾಯಿಗಿಷ್ಟು ಮಣ್ಣು ಹಾಕ! ಅಲ್ಲಿಂದ ಮೆಟ್ಟಿಲಿಳಿದಾಗಲೆಲ್ಲ ಮಂಡಿಚಿಪ್ಪಿನ ಹಿಂದೆ ಮರಳು ಅರೆದ ಹಾಗೆ ಆಗುತ್ತಿತ್ತು.

ಮೂಳೆಗೆ ಮೂಳೆ ಉಜ್ಜದಂತೆ ಚಿಪ್ಪಿನ ಹಿಂದೆ ಒಂದು ನುಣುಪಾದ ಪದರ ಇರುತ್ತದಂತೆ, ಕಾರ್ಟಿಲೇಜ್ ಎನ್ನುತ್ತಾರೆ. ನನ್ನದು ಕಿತ್ತುಬಂದಿತ್ತು. ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು, ಕಿತ್ತದ್ದನ್ನು ಕೆರೆದು ತೆಗೆದು, ಹೊಸ ಪದರ ಬೆಳೆಯಲೆಂದು ಮೂಳೆಯನ್ನು ಅಲ್ಲಲ್ಲಿ ಕೊರೆಯಬೇಕು ಎಂದರು ಡಾಕ್ಟರು. ಒಪ್ಪಿದೆ. ಎಡಗಾಲು ಗಟ್ಟಿಯಾಗಿತ್ತು, ಬಲಗಾಲು ವಾಸಿಯಾಗುವವರೆಗೆ ಎಡಗಾಲಿನ ಮೇಲೆಯೇ ಭಾರ ಹಾಕಿ ಹೇಗೋ ನಡೆದೇನು ಎಂಬ ಧೈರ್ಯ. ಅದೂ ಕೈಕೊಟ್ಟರೆ ಗೋಡೆ ಹಿಡಿದು ತೆವಳುವುದೇ ಗತಿ, ಕೆಲಸದ ಮಾತು ದೂರ ಉಳಿಯಿತು.

ಆಪರೇಷನ್ ದಿನ ವಾರ್ಡಿನ ನರ್ಸ್ ಬಳೆ, ಕಾಲುಂಗುರ ಎಲ್ಲ ಬಿಚ್ಚಿಸಿದರು. ನನ್ನ ಎಡಗಾಲಿನ ಹರಡಿಗೆ ದೃಷ್ಟಿಗೆಂದು ಅಮ್ಮ ಕಟ್ಟಿದ ಕರಿದಾರವಿತ್ತು. ಕತ್ತರಿ ನೋಡಿದ್ದೇ ತಡ, ಅಮ್ಮ ಅಡ್ಡ ಬಂದಳು.

‘ಅದೊಂದು ಬುಟ್ಬುಡವ್ವ, ನಿನ್ ಕಾಲ್ ಇಡ್ಕೊಂತೀನಿ. ಅಮ್ಮನೋರ ಮುಂದೆ ಕಟ್ಟಿಸ್ಕೊಂಡು ಬಂದಿರದು.’

‘ಕತ್ತರಿಸಿ ಸಿಸ್ಟರ್, ಅವರ ಮಾತೇನು ಕೇಳ್ತೀರಾ’ ಎಂದೆ ನಾನು. ಅಮ್ಮ ಗೊಳೋ ಎಂದು ಅತ್ತಳು. ನರ್ಸಿಗೂ ಸಾಕಾಗಿರಬೇಕು. ‘ಆಯ್ತು ಬಿಡಿ, ಕಾಣದ ಹಾಗೆ ಮುಚ್ಬಿಡ್ತೀನಿ’ ಎಂದು ದಾರದ ಸುತ್ತ ಬಿಳಿ ಪ್ಲಾಸ್ಟರ್ ಸುತ್ತಿದರು. ಆಪರೇಷನ್ ಆಗಬೇಕಾದ ಕಾಲಿಗೆ ಡಾಕ್ಟರು ಪೆನ್ನಿನಿಂದ ಗುರುತು ಹಾಕುವುದು ವಾಡಿಕೆಯಂತೆ. ನನಗೆ ಯಾವ ಮಹಾರಾಯನೂ ಹಾಕಲಿಲ್ಲ.

ಒಳಗೆ ಬೆನ್ನಿಗೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆಲ್ಲ ಸೊಂಟದಿಂದ ಕೆಳಗೆ ಏನೂ ಇಲ್ಲ. ಎದೆಯ ಮೇಲೆ ಹಸಿರು ಪರದೆ ಕಟ್ಟಿದ್ದರಿಂದ ಆಚೆ ಏನು ಮಾಡುತ್ತಿದ್ದಾರೆಂದು ಕಾಣುತ್ತಿರಲಿಲ್ಲ. ಎಚ್ಚರ ಮಾತ್ರ ಪೂರ್ತಿ ಇತ್ತು. ಡಾಕ್ಟರು ಯಾರೊಂದಿಗೋ ವೈಟ್‌ಫೀಲ್ಡಿನ ಟ್ರಾಫಿಕ್ಕನ್ನು ಬೈಯುತ್ತಿದ್ದರು.

ಇದ್ದಕ್ಕಿದ್ದಂತೆ ಸ್ಟೀಲ್ ಟ್ರೇ ನೆಲಕ್ಕೆ ಬಿದ್ದ ಸದ್ದು.

‘ಏಯ್, ಕಾಲ್ ಹಿಡ್ಕೊಳ್ರೀ!’ ಎಂದು ಡಾಕ್ಟರು ಕೂಗಿದರು.

ತಲೆಯ ಬಳಿ ನಿಂತಿದ್ದ ಅರಿವಳಿಕೆ ಡಾಕ್ಟರು ಬಗ್ಗಿ, ‘ಅಮ್ಮ, ಕಾಲು ಆಡಿಸ್ತಿದೀರಾ?’ ಎಂದರು.

‘ಇಲ್ಲ ಸಾರ್, ಕಾಲಿರೋದೇ ಗೊತ್ತಾಗ್ತಿಲ್ಲ.’

ಬೆರಳು ಆಡಿಸಿ ಎಂದರು. ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಚಿವುಟಿದರಂತೆ, ಅದೂ ತಿಳಿಯಲಿಲ್ಲ. ‘ಇಂಜೆಕ್ಷನ್ ಫುಲ್ ಹಿಡಿದಿದೆ, ನೀವು ಶುರು ಮಾಡಿ’ ಎಂದು ಅವರು ಹೇಳುತ್ತಿದ್ದಂತೆಯೇ ಪರದೆಯಾಚೆ ಹೆಂಗಸೊಬ್ಬರು ಚೀರಿದರು.

ಡಾಕ್ಟರ ದನಿ ಈಗ ಇಳಿದಿತ್ತು. ‘ಅಮ್ಮ, ನಿಮಗೆ ನೋವಿರೋದು ಯಾವ ಕಾಲು?’

‘ಬಲಗಾಲು ಸಾರ್.’

‘ಮತ್ತೆ ಎಡಗಾಲನ್ನ ಯಾರ್ರೀ ರೆಡಿ ಮಾಡಿದ್ದು?’

‘ಪ್ಲಾಸ್ಟರ್ ಸುತ್ತಿತ್ತಲ್ಲ ಸಾರ್, ಅದೇ ಗುರುತು ಅಂದ್ಕೊಂಡೆ’ ಎಂದಿತು ಒಂದು ದನಿ.

ಕೈಕಾಲು ತಣ್ಣಗಾಯಿತು ಎನ್ನುತ್ತಾರಲ್ಲ, ನನಗೆ ಕೈ ಮಾತ್ರ ತಣ್ಣಗಾಯಿತು. ಪರದೆ ಕಿತ್ತೆಸೆದು ಅಷ್ಟೂ ಜನರ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಏಳಲಾಗದೆ ಸುಮ್ಮನೆ ಅತ್ತೆ.

ಆಮೇಲೆ ಬಲಗಾಲಿಗೇ ಮಾಡಿದರು, ಚೆನ್ನಾಗಿಯೇ ಮಾಡಿದರು. ಒಳಗಿದ್ದ ಸಿಸ್ಟರೊಬ್ಬರು ಮಾರನೆಯ ದಿನ ಹಾಸಿಗೆ ಬಳಿ ಬಂದು ಮೆಲ್ಲಗೆ ಹೇಳಿದರು: ‘ಚೀರಿದ್ದು ನಾನೇ ಅಕ್ಕ. ಡಾಕ್ಟರು ಚಾಕು ತಗೊಳ್ತಿದ್ದ ಹಾಗೇ ನಿಮ್ಮ ಬಲಮೊಣಕಾಲು ನನ್ನ ಕೈಯನ್ನ ಪಕ್ಕಕ್ಕೆ ತಳ್ತು. ಒದ್ದ ಹಾಗಲ್ಲ. ಹಿಂಗೆ, ಒತ್ತಿ ತಳ್ಳಿದ ಹಾಗೆ. ಮೊದಲು ಟ್ರೇ ಬೀಳಿಸಿದ್ದೂ ಹಂಗೇ.’ ಕೈಯಲ್ಲಿ ಅವರು ಅದನ್ನು ಮಾಡಿಯೂ ತೋರಿಸಿದರು. ನಾನು ಮೆಷಿನ್ನಿನಲ್ಲಿ ತಳ್ಳುವುದು ಹಾಗೆಯೇ. ನನ್ನ ಕೆಲಸ ಏನೆಂಬುದು ಆಕೆಗೆ ಗೊತ್ತಿರಲಿಲ್ಲ.

ಉಳಿದವರೆಲ್ಲ ಏನೂ ಆಗೇ ಇಲ್ಲ ಎಂದರು. ಎಡಮಂಡಿಗೆ ಬಳಿದ ಕಂದು ಔಷಧಿ ಇನ್ನೂ ಹೋಗಿರಲಿಲ್ಲ, ಆದರೂ ‘ಎರಡೂ ಕಾಲು ಕ್ಲೀನ್ ಮಾಡ್ತೀವಮ್ಮ’ ಎಂದು ನಾಚಿಕೆ ಇಲ್ಲದೆ ಹೇಳಿದರು. ಅರಿವಳಿಕೆ ಡಾಕ್ಟರೊಬ್ಬರೇ, ಕೆಲವು ಸಲ ಸ್ನಾಯು ತಾನಾಗಿ ಅದುರುವುದುಂಟು ಎಂದರು. ಅದುರಿದ ಸ್ನಾಯು ಟ್ರೇ ಬೀಳಿಸುತ್ತದೆಯೇ? ಅಮ್ಮನಿಗಂತೂ ಯಾವ ಗೊಂದಲವೂ ಇಲ್ಲ. ‘ದಾರ ಕಾಪಾಡ್ತು ಕಣೆ’ ಎಂದು ಬೀದಿಗೆಲ್ಲ ಸಾರಿದ್ದಾಳೆ. ಆ ದಾರದಿಂದಲೇ ಎಡವಟ್ಟಾದದ್ದು ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಅವಳ ಜೊತೆ ಜಗಳವಾಡಿ ನನಗೂ ಸಾಕಾಗಿದೆ.

ಈಗ ಮಂಡಿ ವಾಸಿಯಾಗಿ ಮತ್ತೆ ಅದೇ ಲೈನಿನಲ್ಲಿ ಕೂತಿದ್ದೇನೆ. ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರನ್ನು ಕೇಳಿಯೇಬಿಟ್ಟೆ, ‘ಸಾರ್, ಅವತ್ತು ನನ್ನ ಕಾಲು ತಳ್ಳಿದ್ದು ಯಾರು?’ ಅವರು ನನ್ನ ಮುಖ ನೋಡಲಿಲ್ಲ. ‘ಚೆನ್ನಾಗಿ ನಡೀತಿದೀರಲ್ಲಮ್ಮ, ಇನ್ನೇನು?’ ಎಂದರು.

ಇನ್ನೇನಂತೆ! ಅಷ್ಟು ಓದಿದವರ ನಡುವೆ ನಾನು ಎಚ್ಚರವಾಗಿಯೇ ಮಲಗಿದ್ದೆ, ಬಾಯಿ ಇತ್ತು. ಯಾವ ಕಾಲಮ್ಮ ಎಂದು ಮೊದಲೇ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ. ಪರದೆಯಾಚೆ ಏನಾಗುತ್ತಿದೆಯೆಂದು ನನಗೂ ಗೊತ್ತಿರಲಿಲ್ಲ. ಆ ಕಾಲಿಗೆ ಹೇಗೆ ಗೊತ್ತಾಯಿತು?