ಕಪ್ಪು ಟೇಪಿನ ಹಿಂದಿನ ದೀಪ

ಡೊಂಬಿವ್ಲಿಯಿಂದ ಹೊರಡುವಾಗಲೇ ನನಗೆ ಸಿಟ್ಟಿತ್ತು. 2014ರ ಮೇ ತಿಂಗಳ ಒಂದು ಭಾನುವಾರ. ಹಳಿ ರಿಪೇರಿಯ ಮೆಗಾಬ್ಲಾಕಿನಿಂದಾಗಿ ಥಾಣೆ ಕಡೆಯ ಸ್ಲೋ ಲೋಕಲ್ ತಡವಾಗಿ, ತುಂಬಿಕೊಂಡೇ ಬಂತು. ಜೊತೆಗಿದ್ದವಳು ಅಕ್ಕನ ಮಗಳು ಶ್ರುತಿ. ನಾವು ಹೊರಟಿದ್ದು ಕಾಮೋಠೆಗೆ, ಅವಳಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದ ಕ್ಯಾಪ್ಟನ್ ಮನೆಗೆ. ಘಟ್ಟದ ಮೇಲಿನ ಫ್ಲೈಯಿಂಗ್ ಕ್ಲಬ್ಬಿನಿಂದ ಅವರು ಅವಳನ್ನು ಹಿಂದಿನ ವಾರ ಹೊರಗೆ ಹಾಕಿದ್ದರು. ಕ್ಷಮೆ ಕೇಳಿದರೆ ಮತ್ತೆ ಸೇರಿಸಿಕೊಂಡಾರು ಎಂಬ ಆಸೆಯಿಂದ ಅಕ್ಕ ನನ್ನನ್ನು ಜೊತೆಗೆ ಕಳಿಸಿದ್ದಳು.

ದಿವಾದಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ನಡೆದದ್ದನ್ನು ಶ್ರುತಿ ಮತ್ತೊಮ್ಮೆ ಹೇಳಿದಳು. ಅದನ್ನು ಬರೆಯುವಾಗ ನನ್ನ ಸಿಟ್ಟು ಬಣ್ಣ ಹಚ್ಚಿರಬಹುದು, ಆದರೆ ಮುಖ್ಯ ಸಂಗತಿಯನ್ನು ಕ್ಯಾಪ್ಟನ್ ಕೂಡ ಅಲ್ಲಗಳೆಯಲಿಲ್ಲ. ವಿಮಾನ ಇಳಿಸಲು ತಿರುಗುವಾಗ ವಿದ್ಯಾರ್ಥಿಗಳು ವೇಗದ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತಿರಬೇಕು. ಅದು ಆ ಕ್ಲಬ್ಬಿನ ಪದ್ಧತಿ. ಅವರ ಪುಟ್ಟ ವಿಮಾನಕ್ಕೆ ಹೊಸದಾಗಿ ಒಂದು ಉಪಕರಣ ಕೂಡಿಸಿದ್ದರು. ರೆಕ್ಕೆ ಗಾಳಿಗೆ ಎಷ್ಟು ಓರೆಯಾಗಿದೆ ಎಂದು ಅದು ಹಸಿರು, ಹಳದಿ, ಕೆಂಪು ದೀಪಗಳಲ್ಲಿ ತೋರಿಸುತ್ತದೆ. ಓರೆ ಮಿತಿಮೀರಿದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ಆ ದಿನ ತಿರುವು ಬಿಗಿಯಾಯಿತು, ದೀಪ ಕೆಂಪಾಯಿತು. ಅವಳು ಅಂಕಿ ಹೇಳುವುದನ್ನು ನಿಲ್ಲಿಸಿ "ರೆಡ್, ರೆಡ್" ಎಂದು ಕೂಗಿ, ಪಕ್ಕದಲ್ಲಿದ್ದ ಕ್ಯಾಪ್ಟನ್ ಬೇಡವೆಂದರೂ ವಿಮಾನದ ಮೂತಿ ಇಳಿಸಿ ತಿರುವನ್ನು ನೇರ ಮಾಡಿದಳು.

"ಸ್ಪೀಡ್ ತೋ ಠೀಕ್ ಥಾ, ಮಾಮ. ಆದರೆ ರೆಕ್ಕೆಗೆ ಸ್ಪೀಡ್ ಗೊತ್ತಾಗಲ್ಲ. ಗಾಳಿ ಎಷ್ಟು ಓರೆ ಬಂತು, ಅಷ್ಟೇ ಗೊತ್ತಾಗೋದು." ಮುಂಬ್ರಾದ ಗುಡ್ಡ ಕಾಣುತ್ತಿದ್ದಂತೆ ಅವಳು ಕಿಟಕಿಯ ಸರಳುಗಳ ನಡುವೆ ಅಂಗೈ ಚಾಚಿ ಗಾಳಿಯಲ್ಲಿ ಓರೆ ಮಾಡಿ ತೋರಿಸಿದಳು. ನಾನು ಅರ್ಧ ಕೇಳಿಸಿಕೊಂಡೆ.

ಥಾಣೆಯಲ್ಲಿ ಪನ್ವೇಲ್ ಗಾಡಿ ಹಿಡಿದು ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ರಿಕ್ಷಾದವನು ಮೀಟರ್ ಹಾಕಲಿಲ್ಲ, ಜಗಳಕ್ಕೆ ನನಗೆ ತ್ರಾಣವಿರಲಿಲ್ಲ.

ಕ್ಯಾಪ್ಟನ್ ಮೈಸೂರಿನವರು. ಫಿಲ್ಟರ್ ಕಾಫಿ ಕೊಟ್ಟು ಊರಿನ ಸುದ್ದಿ ಕೇಳಿದರು. ಆಮೇಲೆ ಆರಾಮಾಗಿ ಹೇಳಿದರು: "ಆ ದೀಪಗಳನ್ನ ಕಪ್ಪು ಟೇಪ್ ಹಾಕಿ ಮುಚ್ಚಿಸಿದೀನಿ ಸಾರ್. ದೀಪಾವಳಿ ಥರ ದೀಪ ನೋಡ್ಕೊಂಡು ಕೂತ್ರೆ ಮಕ್ಕಳು ಹೊರಗೆ ನೋಡೋದೇ ಮರೀತಾರೆ. ನಾವೆಲ್ಲ ಸ್ಪೀಡ್ ನೋಡ್ಕೊಂಡೇ ಹಾರಿದ್ದು, ಸತ್ತಿಲ್ವಲ್ಲ."

ಬದುಕಿ ಉಳಿದವರಷ್ಟೇ ಆಡಬಹುದಾದ ಮಾತು ಎಂದು ನನಗೆ ಹೊಳೆದದ್ದು ಅಲ್ಲೇ ಇರಬೇಕು. ಅಥವಾ ಆಮೇಲೆ ಹೊಳೆದು, ಅಲ್ಲೇ ಹೊಳೆಯಿತೆಂದು ನಂಬಿಕೊಂಡಿದ್ದೇನೋ. ಉಪಕರಣವೇ ತಪ್ಪು ತೋರಿಸಿರಬಹುದು ಎಂದೂ ಕ್ಯಾಪ್ಟನ್ ಸೇರಿಸಿದರು.

"ವಿಮಾನ ಹಾರಿಸಿ ನೋಡಿ ಅದನ್ನು ಸೆಟ್ ಮಾಡಿದ್ದು ನೀವೇ ಅಲ್ವಾ ಸರ್?" ಎಂದಳು ಶ್ರುತಿ.

ಕ್ಯಾಪ್ಟನ್ ಲೋಟ ಕೆಳಗಿಟ್ಟರು. "ಎಲ್ಲರ ಮುಂದೆ ತಪ್ಪಾಯ್ತು ಅನ್ನು. ಬುಧವಾರದಿಂದ ಬಾ."

ನಾನು ಟೀಪಾಯಿಯ ಕೆಳಗೆ ಅವಳ ಕಾಲು ಒತ್ತಿದೆ. ಅಕ್ಕನ ಮುಖವೊಂದೇ ಕಣ್ಣ ಮುಂದಿತ್ತು.

"ಕೂಗಿದ್ದಕ್ಕೆ ಸಾರಿ ಸರ್," ಎಂದಳು ಅವಳು. "ಮೂತಿ ಇಳಿಸಿದ್ದಕ್ಕೆ ಹೇಳೋದಿಲ್ಲ."

"ಹಾಗಾದ್ರೆ ಬರ್ಬೇಡ."

ಮೆಟ್ಟಿಲಿಳಿಯುವಾಗ ಯಾರ ಮೇಲೆ ಹೆಚ್ಚು ಸಿಟ್ಟು ಬಂತೆಂದು ಹೇಳಲಾರೆ. ಬುಧವಾರ ಅದೇ ವಿಮಾನದಲ್ಲಿ ಬೇರೆ ಯಾರದೋ ಮಕ್ಕಳು ಟೇಪಿನ ಎದುರು ಕೂತು ಅಂಕಿ ಹೇಳುತ್ತಾ ತಿರುಗುವವರಿದ್ದರು. ಕಾಲು ಒತ್ತಿದ್ದ ನಾನೂ ಆ ಟೇಪು ಅಂಟಿಸಲು ಒಂದು ಬೆರಳು ಕೊಟ್ಟಿದ್ದೆ.

"ನಿನ್ನ ಅಮ್ಮನಿಗೆ ಎಂತ ಹೇಳುವುದು ಮಾರಾಯ್ತಿ?" ಎಂದು ಥಾಣೆಯಲ್ಲಿ ಕೇಳಿದೆ.

"ಮಗಳು ಟೇಪ್ ಇಲ್ಲದ ಕ್ಲಬ್ ಹುಡುಕ್ತಾಳೆ ಅಂತ."

ಕಳವಾ ಬಿಟ್ಟು ಗಾಡಿ ಮುಂಬ್ರಾ ಕಡೆ ಓಡತೊಡಗಿತು. ಶ್ರುತಿ ತಲೆ ವಾಲಿಸಿ ನಿದ್ದೆಹೋಗಿದ್ದಳು. ನಾನು ಸರಳುಗಳ ನಡುವೆ ಅಂಗೈ ಚಾಚಿ ಗಾಳಿಗೆ ಎದುರಿದ್ದ ಅಂಚನ್ನು ಸ್ವಲ್ಪ ಎತ್ತಿದೆ. ಗಾಳಿ ಕೈಯನ್ನು ಮೇಲಕ್ಕೆತ್ತಿತು. ಇನ್ನೂ ಎತ್ತಿದೆ. ಕೈ ನಡುಗಿ, ಹಿಂದಕ್ಕೆ ಸರಿದು, ಕೆಳಗೆ ಬಿತ್ತು. ಗಾಡಿಯ ವೇಗ ಮೊದಲಿನಷ್ಟೇ ಇತ್ತು.