ನಲವತ್ತು ಮೊಳೆಗಳ ತಮ್ಮಣ್ಣ

ಬೆಳಗಿನ ಏಳೂವರೆಯಾದರೂ ಖಾನಾಪುರದ ಕಾಡಿನಲ್ಲಿ ಬೆಳಕಿನ್ನೂ ಮಬ್ಬು. ಜಲಪಾತಕ್ಕೆ ಇಳಿಯುವ ಕಾಲುದಾರಿಯ ತುದಿಯಲ್ಲಿ ಎಪ್ಪತ್ತಾರರ ತಮ್ಮಣ್ಣ ಹಂಜಿ ಮತ್ತಿಮರಕ್ಕೆ ಹಲಗೆಯೊಂದನ್ನು ಕಟ್ಟುತ್ತಿದ್ದಾರೆ. ಹಲಗೆಯಲ್ಲಿ ನಲವತ್ತು ಮೊಳೆ, ಮೊಳೆಗೊಂದು ನಂಬರಿನ ತಗಡಿನ ಬಿಲ್ಲೆ. ನೀರಿಗಿಳಿಯುವವರು ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದು ಅದೇ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿಯಿದ್ದರೆ ಒಬ್ಬರು ಇನ್ನೂ ಕೆಳಗಿದ್ದಾರೆಂದೇ ಅರ್ಥ.

"ನೇವಿಯೊಳಗ ನೀರಾಗ ಮುಳುಗೋ ಕೆಲಸ ಇತ್ರಿ ನಂದು. ಅಲ್ಲೂ ಹಿಂಗಽ ಎಣಸ್ತಿದ್ವಿ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದಿರುವ ನನಗೆ.

ಬೆಳಗಾವಿಯ ಅನಗೋಳದ ತಮ್ಮಣ್ಣ ಹದಿನೈದು ವರ್ಷ ನೌಕಾಪಡೆಯಲ್ಲಿದ್ದರು. ಊರಿಗೆ ಬಂದ ಮೇಲೂ ಮನೆಯಲ್ಲಿ ಕಾಲು ನಿಲ್ಲಲಿಲ್ಲ. "ಸಮುದ್ರ ಬಿಟ್ರು, ಅಡವಿ ಹಿಡದ್ರು" ಎಂದು ಹೆಂಡತಿ ಕಾಶವ್ವ ಈಗಲೂ ಬೈಯುತ್ತಾರೆ. ಹನ್ನೊಂದು ವರ್ಷಗಳಿಂದ ತಮ್ಮಣ್ಣ ಮಳೆಗಾಲದ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಇಲ್ಲಿಗೆ ಬರುತ್ತಾರೆ. ದಿನಕ್ಕೆ ನೂರಿಪ್ಪತ್ತು ಜನ ಇಳಿದು ಹತ್ತುತ್ತಾರೆ, ಒಮ್ಮೆಗೆ ನಲವತ್ತಕ್ಕಿಂತ ಹೆಚ್ಚಿಲ್ಲ. ಸಂಬಳವಿಲ್ಲ, ಕಾಯಿಸಿದ್ದಕ್ಕೆ ಬೈಗುಳ ಮಾತ್ರ ಧಾರಾಳ.

ಮೂರನೇ ವರ್ಷದ ಒಂದು ಸಂಜೆ ನಲವತ್ತೂ ಮೊಳೆ ತುಂಬಿದ್ದವು. ತಮ್ಮಣ್ಣ ನಿಶ್ಚಿಂತೆಯಿಂದ ಮನೆಗೆ ಹೋದರು. ಆದರೆ ಹುಡುಗನೊಬ್ಬ ಬಿಲ್ಲೆಯನ್ನು ಗೆಳೆಯನ ಕೈಗೆ ಕೊಟ್ಟು ಇನ್ನೊಮ್ಮೆ ಈಜಲು ಇಳಿದಿದ್ದ. ಗೆಳೆಯ ಎರಡೂ ಬಿಲ್ಲೆ ತೂಗುಹಾಕಿ, ಅವನು ಬೇರೆ ಬೈಕಿನಲ್ಲಿ ಬರುತ್ತಾನೆಂದು ಹೊರಟುಬಿಟ್ಟಿದ್ದ.

"ಮೂರನೇ ದಿನ ನಾನಽ ಮುಳುಗಿ ತಗದ್ನಿರಿ ಅವನ್ನ," ಎಂದು ತಮ್ಮಣ್ಣ ಹಲಗೆಯತ್ತ ತಿರುಗುತ್ತಾರೆ.

ಹನ್ನೊಂದರ ಹೊತ್ತಿಗೆ ಮೇಲಿನ ಗುಡ್ಡದಲ್ಲಿ ಮೋಡ ಕಪ್ಪಾಗುತ್ತದೆ. ತಮ್ಮಣ್ಣ ಸೀಟಿ ಊದುತ್ತಾರೆ. ಜನ ಗೊಣಗುತ್ತ ಹತ್ತಿ ಬರುತ್ತಾರೆ. ಬಿಲ್ಲೆಗಳು ಒಂದೊಂದಾಗಿ ಮೊಳೆ ಸೇರುತ್ತವೆ. ಹದಿನಾಲ್ಕನೇ ಮೊಳೆ ಮಾತ್ರ ಖಾಲಿ.

"ಅನಿಕೇತ ಮುಂದ ಹೋಗ್ಯಾನ್ರಿ ಅಜ್ಜಾರ, ಬೈಕ್ ಹತ್ರ ಇರ್ತಾನ," ಎನ್ನುತ್ತಾನೆ ಗೌರವ ಎಂಬ ಕಾಲೇಜು ಹುಡುಗ.

"ಇದ್ರ ಕರ್ಕೊಂಡು ಬಾ."

ಗೌರವ ಓಡಿ ಹೋಗಿ ಒಬ್ಬನೇ ಬರುತ್ತಾನೆ. ಅಷ್ಟರಲ್ಲಿ ತಮ್ಮಣ್ಣ ಹಗ್ಗ ಹೆಗಲಿಗೇರಿಸಿ, ಒಂದನೇ ನಂಬರಿನ ಬಿಲ್ಲೆಯನ್ನು ತಮ್ಮ ಕೊರಳಿಗೆ ಹಾಕಿಕೊಂಡಾಗಿದೆ. "ನಾ ಬರೂತನಕಾ ಇಲ್ಲೇ ನಿಲ್ರಿ," ಎಂದು ನನಗೆ ಹೇಳಿ ಇಳಿದುಬಿಡುತ್ತಾರೆ.

ಈಗ ಖಾಲಿ ಮೊಳೆ ಎರಡು. ಕೆಳಗೆ ನೀರು ಕೆಂಪಾಗಿ, ಸದ್ದು ಹೆಚ್ಚಾಗಿದೆ. ಬರೆಯಲು ಬಂದ ನಾನು ಪೆನ್ನು ಜೇಬಿಗಿಟ್ಟು ನಿಂತಿದ್ದೇನೆ. ನನಗೆ ಖಂಡಿತ ಭಯವಾಗಿದೆ. ಈ ವಯಸ್ಸಿನವರನ್ನು ಹೋಗಲು ಬಿಟ್ಟೆನಲ್ಲ ಎಂದು ನಾಚಿಕೆಯೂ ಆಗಿದೆ.

ನಲವತ್ತು ನಿಮಿಷದ ಮೇಲೆ ಕೆಳಗಿನಿಂದ ಸೀಟಿ ಕೇಳುತ್ತದೆ. ಅನಿಕೇತ ಕಾಲು ಉಳುಕಿಸಿಕೊಂಡು ಆಚೆ ದಡದ ಬಂಡೆಯ ಮೇಲೆ ಕುಳಿತಿದ್ದನಂತೆ. ಇನ್ನೊಂದು ಗೇಣು ನೀರು ಏರಿದ್ದರೆ ಆ ಬಂಡೆಯೇ ಇರುತ್ತಿರಲಿಲ್ಲ. ಅಜ್ಜನ ಹೆಗಲಿಗೆ ಜೋತುಬಿದ್ದು ಹತ್ತಿ ಬರುತ್ತಾನೆ.

ಗೌರವ ಅಳುತ್ತಲೇ ನುಗ್ಗಿ, ಗೆಳೆಯನ ಕೊರಳಿನ ಬಿಲ್ಲೆಯನ್ನು ತೂಗುಹಾಕಲು ಕೈ ಚಾಚುತ್ತಾನೆ. ತಮ್ಮಣ್ಣ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯುತ್ತಾರೆ.

"ಬ್ಯಾಡ. ಅಂವಽ ಹಾಕ್ಲಿ."

ಅನಿಕೇತ ಒಂಟಿಕಾಲಲ್ಲಿ ಕುಂಟಿ ಹೋಗಿ ಹದಿನಾಲ್ಕನ್ನು ತೂಗುಹಾಕುತ್ತಾನೆ. ಆಮೇಲೆ ತಮ್ಮಣ್ಣ ತಮ್ಮದನ್ನು ಹಾಕಿ, ಒಂದರಿಂದ ನಲವತ್ತರವರೆಗೆ ಬೆರಳಿಟ್ಟು ಎಣಿಸುತ್ತಾರೆ.

ಇಷ್ಟೆಲ್ಲ ಮಾಡಿದ್ದಕ್ಕೆ ನಿಮಗೇನು ಬೇಕು ಅಜ್ಜಾ ಎಂದು ಕೇಳುತ್ತೇನೆ.

"ಏನ್ ಬೇಕ್ರಿ ನನಗ? ಮನಿಗೆ ಹೋದ ಕೂಡ್ಲೇ ಕಾಶವ್ವ ಬಾಗಲದಾಗಽ ಕೇಳ್ತಾಳ, ಎಷ್ಟು ಅಂತ. ನಲವತ್ತು ಅನಬೇಕು. ಆ ಮ್ಯಾಲೇ ಆಕಿ ರೊಟ್ಟಿ ಬಡಿಯಾಕ ಕುಂದರತಾಳ."