ಮರಹೂಮ್ ಎಂಬ ಮಾತು

ಹೀನಾ ಅತ್ತರಿನ ವಾಸನೆ ಬಂದರೆ ನಾನು ಈಗಲೂ ಸೆರಗನ್ನು ಮೂಗಿಗೆ ಹಿಡಿಯುತ್ತೇನೆ. ಹೋದ ತಿಂಗಳು ಕೊಪ್ಪಳದಲ್ಲಿ ನಮ್ಮ ಮನೆಯವರ, ಎಂದರೆ ನನ್ನ ಗಂಡನ, ಶೋಕಸಭೆ ಇತ್ತು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಭಾಷಣಕ್ಕೆ ಬಂದವರೊಬ್ಬರು ಪಕ್ಕದಲ್ಲಿ ಹಾದು ಮೈಕಿನ ಕಡೆ ಹೋದಾಗ ಅದೇ ವಾಸನೆ ಬಂತು. ಅವರು ಏನು ಮಾತಾಡಿದರೋ ನನ್ನ ಕಿವಿಗೆ ಬೀಳಲಿಲ್ಲ. ನಾನಾಗಲೇ ಬೇವೂರಿನಲ್ಲಿದ್ದೆ, ನಿಜಾಮರ ಕಾಲದಲ್ಲಿ, ಭಾಷಣದ ವಕೀಲರ ಮುಂದೆ...

ಯಲಬುರ್ಗಾದಲ್ಲಿ ವಕೀಲಿ ಮಾಡುತ್ತಿದ್ದ ಅವರಿಗೆ ಸುತ್ತಲಿನ ಹಳ್ಳಿಯವರು ಇಟ್ಟ ಹೆಸರು ಅದು. ಅವರು ಗೆದ್ದ ದಾವೆ ಯಾವುದನ್ನೂ ನಾನು ಕೇಳಿಲ್ಲ. ಆದರೆ ಮದುವೆಯಿರಲಿ, ಸಾವಿರಲಿ, ನಾಲ್ಕು ಮಂದಿ ಕೂತದ್ದು ಕಂಡರೆ ಅವರು ಎದ್ದು ನಿಲ್ಲುತ್ತಿದ್ದರು. ಕಪ್ಪು ಶೇರವಾನಿ, ಹೆಗಲಿಗೆ ಶಾಲು, ಕಿವಿಯ ಮಡಿಕೆಯಲ್ಲಿ ಅತ್ತರಿನ ಅರಳೆ. ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ತಮ್ಮ ದನಿಯನ್ನು ತಾವೇ ಸವಿಯುತ್ತ ಶುರು ಮಾಡುವರು. ಅರ್ಧ ಸಂಸ್ಕೃತ, ಅರ್ಧ ಉರ್ದು. ನಡುವೆ ಎಲ್ಲಾದರೂ ಕನ್ನಡ ನುಸುಳಿದರೆ ಅದು ಅವರ ತಪ್ಪಲ್ಲ. ಒಂದೂ ತಿಳಿಯಲಿಲ್ಲ, ಭಾಳ ಛಲೋ ಮಾತಾಡಿದರು ಎಂದು ಜನ ಹೊಗಳುತ್ತ ಮನೆಗೆ ಹೋಗುತ್ತಿದ್ದರು. ಅವರಿಗೆ ಬೇಕಾಗಿದ್ದೂ ಅಷ್ಟೇ.

ನನ್ನ ಅಣ್ಣ ಬೇವೂರಿನ ಮಠದ ಪಡಸಾಲೆಯಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದ. ಸರಕಾರದ ಸಾಲೆಯಲ್ಲಿ ಉರ್ದು ನಡೆಯುತ್ತಿತ್ತು. ನನ್ನಂಥ ಹೆಣ್ಣುಮಕ್ಕಳಿಗೆ ಯಾವ ಸಾಲೆಯೂ ಇರಲಿಲ್ಲ. ಇವತ್ತು ನಾನು ಇದನ್ನು ಬರೆಯುತ್ತಿದ್ದರೆ ಅದು ಅವನು ಕಲಿಸಿದ್ದು. ಒಂದು ಬೇಸಿಗೆಯಲ್ಲಿ ವಿಷಮಜ್ವರ ಬಂತು, ಹೋಗಿಬಿಟ್ಟ. ಇನ್ನೂ ಮದುವೆಯಾಗಿರಲಿಲ್ಲ...

ಊರ ಹಿರಿಯರು ಮಠದಲ್ಲಿ ಶೋಕಸಭೆ ಇಟ್ಟು ವಕೀಲರನ್ನು ಕರೆಸಿದರು. ಮಣ್ಣು ಮಾಡಿ ಬಂದಾಗಿನಿಂದ ಮೂಲೆ ಹಿಡಿದಿದ್ದ ಅವ್ವ, ಸಭೆ ಇದೆ ಎಂದು ತಿಳಿದು ಎದ್ದು ಮುಖ ತೊಳೆದಳು. ತನ್ನ ಮಗ ಎಂಥವನಿದ್ದ ಎಂಬುದನ್ನು ಊರ ಮುಂದೆ, ಕಲಿತವರ ಬಾಯಲ್ಲಿ, ಒಂದು ಸಲ ಕೇಳಬೇಕು. ಆಗ ಅವಳಿಗೆ ಬೇರೆ ಏನೂ ಬೇಕಾಗಿರಲಿಲ್ಲ.

ವಕೀಲರು ಕಣ್ಣು ಮುಚ್ಚಿದರು. ಸಂಸಾರ ಸಾಗರ ಬಂತು, ಮುರಿದ ನಾವೆ ಬಂತು, ಮೋಡದಲ್ಲಿ ಮುಳುಗಿದ ಚಂದ್ರ ಬಂದ. ಸಮುದ್ರ ಕಂಡವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ, ವಕೀಲರನ್ನೂ ಸೇರಿಸಿ. ಹೈದರಾಬಾದಿನಲ್ಲಿ ತಾವು ಮಾಡಿದ ಭಾಷಣದ ಸುದ್ದಿಯೂ ಬಂತು. ಪಡಸಾಲೆ ಬರಲಿಲ್ಲ, ಮಕ್ಕಳು ಬರಲಿಲ್ಲ. ಅಣ್ಣನ ಹೆಸರು ತೆಗೆದಾಗಲೆಲ್ಲ ಅದಕ್ಕೆ ಮೊದಲು 'ಮರಹೂಮ್' ಎಂದು ಸೇರಿಸಿ, ಶಾಲಿನ ಅಂಚು ತೀಡಿಕೊಳ್ಳುತ್ತಿದ್ದರು.

ಮನೆಗೆ ಬರುವಾಗ ದಾರಿಯಲ್ಲಿ ಅವ್ವ ಕೇಳಿದಳು. "ನಮ್ಮ ಹುಡುಗನ ಸುದ್ದಿ ಯಾವಾಗ ಬಂತು? ನನಗೇನರ ನಿದ್ದಿ ಹತ್ತಿತ್ತೇನು?"

ಜೊತೆಗಿದ್ದ ನೆರೆಮನೆಯ ಕಾಕಾ ಸಮಾಧಾನ ಹೇಳಿದರು. "ಮರಹೂಮ್ ಅಂದ್ರಲ್ಲ ತಂಗಿ. ಹುಜೂರ್, ಮೆಹರ್ಬಾನ್ ಅಂತಾರ ನೋಡು, ಅದಕ್ಕಿಂತ ದೊಡ್ಡದಿರಬೇಕು."

ನಮ್ಮ ಸೀಮೆಯಲ್ಲಿ ಮರ್ಯಾದೆಯ ಮಾತುಗಳೆಲ್ಲ ಉರ್ದುವಿನಲ್ಲೇ ಬರುತ್ತಿದ್ದವು. ಹಾಗಾಗಿ ನಾವ್ಯಾರೂ ಅನುಮಾನಪಡಲಿಲ್ಲ. ಅವ್ವ ಆ ಶಬ್ದವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡವಳಂತೆ ಬದುಕಿದಳು. ಮನೆಗೆ ಬಂದವರ ಮುಂದೆ, ಬೀಸುವಾಗ, ಬಾವಿಕಟ್ಟೆಯಲ್ಲಿ, ವಕೀಲ ಸಾಹೇಬರು ತನ್ನ ಮಗನಿಗೆ ಮರಹೂಮ್ ಅಂದರೆಂದು ಹೇಳಿಕೊಳ್ಳುತ್ತಿದ್ದಳು. ಊರಲ್ಲಿ ಉರ್ದು ಬಲ್ಲವರು ಒಬ್ಬಿಬ್ಬರು ಇದ್ದರು. ಆಗ ಅವಳ ಮುಖ ನೋಡಿ ನಿಜ ಹೇಳಲು ಅವರಿಗೆ ಮನಸ್ಸಾಗಿರಲಿಕ್ಕಿಲ್ಲ...

ವರ್ಷ ತುಂಬಿದ ಮೇಲೆ ಅದೇ ಪಡಸಾಲೆಯಲ್ಲಿ ಅಣ್ಣನ ನೆನಪಿಗೆ ಒಂದು ವಾಚನಾಲಯ ತೆರೆದರು. ಮತ್ತೆ ವಕೀಲರೇ ಬಂದರು. ಅವರಿಗೆ ಹಾಕಲೆಂದು ಊರ ಹಿರಿಯರು ಮಾಲೆಯನ್ನು ಅವ್ವನ ಕೈಗೆ ಕೊಟ್ಟರು. ಅವಳಿಗೆ ತಿಳಿದಿದ್ದ ಅತಿ ದೊಡ್ಡ ಮಾತು ಒಂದೇ. ಸಭೆಗೆಲ್ಲ ಕೇಳುವಂತೆ ಅದನ್ನೇ ಆಡಿದಳು.

"ಬರ್ರಿ ಮರಹೂಮ್ ವಕೀಲ ಸಾಹೇಬ್ರ. ನೂರು ವರ್ಷ ಬಾಳ್ರಿ."

ಊರ ಲೆಕ್ಕ ಬರೆಯುವ, ಉರ್ದು ಬಲ್ಲ ಪಟವಾರಿ ಬಾಯಿಗೆ ರುಮಾಲು ಒತ್ತಿಕೊಂಡ. ವಕೀಲರ ಮುಖ ಕರ್ರಗಾಯಿತು. ಸಂಸ್ಕೃತ ಉರ್ದು ಎರಡೂ ಆ ಹೊತ್ತಿಗೆ ಕೈಕೊಟ್ಟವು.

"ಏ ಮುದುಕಿ, ನಾ ಇನ್ನೂ ಬದುಕೇನಿ. ಮರಹೂಮ್ ಅಂದ್ರ ಸತ್ತಾಂವ ಅಂತ."

ಅಷ್ಟು ವರ್ಷಗಳಲ್ಲಿ ಬೇವೂರಿನವರಿಗೆಲ್ಲ ತಿಳಿಯುವಂತೆ ಅವರು ಆಡಿದ ಮಾತು ಅದೊಂದೇ. ಯಾರೋ ಕಿಸಕ್ಕನೆ ನಕ್ಕರು. ಅವ್ವ ಮಾಲೆ ಹಿಡಿದುಕೊಂಡೇ ನಿಂತಿದ್ದಳು.

"ಹಂಗಾರ ಅವತ್ತ ನನ್ನ ಮಗನ ಮ್ಯಾಲ ಅಷ್ಟೊತ್ತು ಮಾತಾಡಿ, ಸತ್ತಾನ ಅಂತಷ್ಟ ಹೇಳಿದ್ರೇನ್ರಿ? ಅದು ನನಗ ಗೊತ್ತಿತ್ತಲ್ರಿ."

ವಕೀಲರು ಗಂಟಲು ಸರಿಮಾಡಿಕೊಂಡರು. ಕ್ಷಮೆಯ ಒಂದು ಮಾತು ಬಂದೀತೆಂದು ನಾನು ಕಾದೆ. ಬರಲಿಲ್ಲ. ಮಾಲೆಯನ್ನು ಬೇರೆಯವರಿಂದ ಹಾಕಿಸಿಕೊಂಡು, ಕಣ್ಣು ಮುಚ್ಚಿ, ಭಾಷಣ ಮಾಡಿಯೇ ಹೋದರು. ಅದೇ ಸಾಗರ, ಅದೇ ಚಂದ್ರ. ಹಿಂದೂಗಳು ತೀರಿಕೊಂಡರೆ ಉರ್ದುವಿನಲ್ಲಿ ಬೇರೆಯೇ ಶಬ್ದವಿದೆ ಎಂದು ಎಷ್ಟೋ ವರ್ಷಗಳ ಮೇಲೆ ಬಲ್ಲವರೊಬ್ಬರು ನನಗೆ ಹೇಳಿದರು. ಮೆರೆಯಲು ಎರವಲು ತಂದ ಭಾಷೆಯೂ ಅವರಿಗೆ ನೆಟ್ಟಗೆ ಬರುತ್ತಿರಲಿಲ್ಲ.

ಅವತ್ತು ಅವ್ವ ಭಾಷಣಕ್ಕೆ ಕೂರಲಿಲ್ಲ. ನನ್ನ ಕೈ ಹಿಡಿದು ಹೊರಗೆ ಬಂದಳು. ಹಳ್ಳದ ಹತ್ತಿರ ನಿಂತು, "ಇದಕ್ಕ ನೀರು ಬಂದಾಗ ಅಂವ ಹುಡುಗರನ್ನ ಹೆಗಲ ಮ್ಯಾಲ ಹೊತ್ತು ದಾಟಸತಿದ್ದ. ಅಷ್ಟು ಹೇಳಿದ್ರ ಸಾಕಿತ್ತು," ಎಂದಳು. ಆ ಶಬ್ದವನ್ನು ಅವಳು ಮತ್ತೆಂದೂ ಬಾಯಿಗೆ ತರಲಿಲ್ಲ.

ವಕೀಲರು ಯಾವಾಗಲೋ ತೀರಿಕೊಂಡರು. ಅವರ ಶೋಕಸಭೆಯಲ್ಲಿ ಯಾರು ಮಾತಾಡಿದರೆಂದು ನಾನು ವಿಚಾರಿಸಲಿಲ್ಲ. ಅವ್ವನೂ ಹೋಗಿ ಬಹಳ ಕಾಲವಾಯಿತು.

ಹೋದ ತಿಂಗಳ ಅತ್ತರಿನವರು ಮೈಕು ಬಿಟ್ಟು ಇಳಿದು ಬಂದು ನನಗೆ ಕೈಮುಗಿದರು. ನಾನೂ ಮುಗಿದೆ. ಅವ್ವನಂತೆ ಕೇಳುವ ಧೈರ್ಯ ನನಗಿಲ್ಲ, ಬರೆಯಲು ಮಾತ್ರ ಬರುತ್ತದೆ. ನಮ್ಮ ಮನೆಯವರು ಉಣ್ಣಲು ಕೂತರೆ ರೊಟ್ಟಿಯ ಮೊದಲ ತುಂಡನ್ನು ಮುರಿದು ನನ್ನ ತಾಟಿಗೆ ಇಡುತ್ತಿದ್ದರು. ಅಣ್ಣ ಮಕ್ಕಳನ್ನು ಹೊತ್ತು ಹಳ್ಳ ದಾಟಿಸುತ್ತಿದ್ದ. ಇಬ್ಬರೂ ಈಗ ಇಲ್ಲ... ಅದು ನನಗೆ ಗೊತ್ತಿದೆ.